ಕಾದಂಬರಿಕಾರ ಲಂಕೇಶರೂ ಅಂಕಣಕಾರ ಲಂಕೇಶರೂ

ಕಳೆದ ಮಾಘದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆಂದು ಭಾಲ್ಕಿಗೆ ಹೋಗಿದ್ದೆ. ಊಟದ ತರುವಾಯ ಚಪ್ಪರದ ಒಂದು ಮೂಲೆಯಲ್ಲಿ ನಾಲ್ಕಾರು ಮಂದಿ ಅಧ್ಯಾಪಕರು ಕೂಡಿದೆವು. ಅಧ್ಯಾಪಕರು ಕೂಡಿದ ಕಡೆ ಮೊದಲು ವೇತನದ ಮಾತು, ಆಮೇಲೆ ವರ್ಗಾವಣೆಯ ಮಾತು, ಕೊನೆಗೆ, ಯಾರಾದರೂ ಉಳಿದಿದ್ದರೆ, ಸಾಹಿತ್ಯದ ಮಾತು. ಅಂದು ಮೂರನೆಯದಕ್ಕೂ ಅವಕಾಶವಾಯಿತು. ಕಾಲೇಜಿನಲ್ಲಿ ಕನ್ನಡ ಹೇಳುವ ತರುಣರೊಬ್ಬರು, ಚೆನ್ನಾಗಿ ಓದಿಕೊಂಡವರು, ಹೀಗೆಂದರು: “ಗುರುಗಳೆ, ಲಂಕೇಶರು ಪತ್ರಿಕೆಯ ಗೊಡವೆಗೆ ಹೋಗದೆ ಇದ್ದಿದ್ದರೆ ಕನ್ನಡಕ್ಕೆ ಇನ್ನೂ ನಾಲ್ಕು ಒಳ್ಳೆಯ ಕಾದಂಬರಿಗಳು ದೊರೆಯುತ್ತಿದ್ದವು. ಇಪ್ಪತ್ತು ವರ್ಷ ವಾರ ವಾರ ಬರೆದದ್ದು ವಾರದೊಡನೆಯೇ ಹೋಯಿತು.” ಕೂಡಿದವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆನೆಂಬುದನ್ನು ಮುಚ್ಚಿಡಲಾರೆ. ಮದುವೆಯ ಮನೆಯಲ್ಲಿ ವಾದಕ್ಕೆ ನಿಲ್ಲುವುದು ಸಭ್ಯತೆಯಲ್ಲವೆಂದು ಅನ್ನಿಸಿರಬೇಕು. ಆದರೆ ಬಸ್ಸು ಹಲಬರ್ಗಾ ದಾಟಿ ಬೀದರಿನ ಹಾದಿ ಹಿಡಿದಾಗ, ನಾನು ತಲೆದೂಗಿದ್ದು ಒಂದು ಸುಳ್ಳಿಗೆ ಎಂಬ ಅರಿವು ಮನಸ್ಸನ್ನು ಕೊರೆಯತೊಡಗಿತು. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಿಮರ್ಶಕನಲ್ಲ. ಔರಾದಿನಲ್ಲಿಯೂ ಬೀದರಿನಲ್ಲಿಯೂ ಮೂರು ದಶಕಕ್ಕೂ ಮಿಗಿಲಾಗಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿದ ಮಾಸ್ತರ. ಆದುದರಿಂದ ವಾಚಕರು ನನ್ನ ಮಾತನ್ನು ಓದುಗನೊಬ್ಬನ ಸಾಕ್ಷ್ಯವೆಂದು ತೆಗೆದುಕೊಳ್ಳಬೇಕೇ ಹೊರತು ಪಂಡಿತನ ತೀರ್ಪೆಂದಲ್ಲ.

ಪಾಳ್ಯದ ಲಂಕೇಶರ ಜೀವನದ ಸ್ಥೂಲರೇಖೆ ಎಲ್ಲರಿಗೂ ತಿಳಿದದ್ದೇ. 1935ರ ಮಾರ್ಚ್ 8ರಂದು ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಒಕ್ಕಲುತನದ ಮನೆಯಲ್ಲಿ ಜನನ; ಇಂಗ್ಲಿಷ್ ಸಾಹಿತ್ಯದ ಅಧ್ಯಯನ; ಬಳಿಕ ಆ ಸಾಹಿತ್ಯದ ಅಧ್ಯಾಪನ. 1963ರಲ್ಲಿ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಎಂಬ ಕಥಾಸಂಕಲನ, 1967ರಲ್ಲಿ ‘ಬಿರುಕು’ ಎಂಬ ಮೊದಲ ಕಾದಂಬರಿ. ನಡುವೆ ಕವಿತೆ, ನಾಟಕ, ಬೋದಿಲೇರನ ಕವಿತೆಗಳ ಅನುವಾದವಾದ ‘ಪಾಪದ ಹೂಗಳು’. 1970ರ ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನ ಪಾತ್ರ. 1976ರ ‘ಪಲ್ಲವಿ’ ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ. 1978ರಲ್ಲಿ ಎರಡನೆಯ ಕಾದಂಬರಿ, ‘ಮುಸ್ಸಂಜೆಯ ಕಥಾಪ್ರಸಂಗ’. ಅಷ್ಟು ಹೊತ್ತಿಗೆ ‘ಪ್ರಜಾವಾಣಿ’ಯಲ್ಲಿ ಅಂಕಣ ಬರೆಯುವ ರುಚಿಯೂ ಹತ್ತಿತ್ತು. 1980ರ ಜುಲೈಯಲ್ಲಿ, ಅಧ್ಯಾಪಕ ವೃತ್ತಿಯನ್ನು ಬಿಟ್ಟ ಮೇಲೆ, ಜಾಹೀರಾತನ್ನು ತೆಗೆದುಕೊಳ್ಳದೆ ಓದುಗನ ಕಾಸಿನ ಮೇಲೆಯೇ ನಿಲ್ಲುವ ಒಂದು ವಾರಪತ್ರಿಕೆಯನ್ನು ತಮ್ಮ ಹೆಸರಿನಲ್ಲಿಯೇ ತೆರೆದರು. 2000ದ ಜನವರಿ 25ರಂದು ತೀರಿಕೊಳ್ಳುವವರೆಗೂ ಆ ಪತ್ರಿಕೆಯ ಪುಟಗಳಲ್ಲಿ ‘ಟೀಕೆ-ಟಿಪ್ಪಣಿ’, ‘ಮರೆಯುವ ಮುನ್ನ’ ಮೊದಲಾದ ತಲೆಬರಹಗಳ ಕೆಳಗೆ ಬರೆದರು. ‘ನೀಲು’ ಎಂಬ ಹೆಣ್ಣಿನ ಹೆಸರಿನಲ್ಲಿ ಮೂರು ನಾಲ್ಕು ಸಾಲಿನ ಕವಿತೆಗಳನ್ನೂ ಬರೆದರು. ಮೂರನೆಯ ಹಾಗೂ ಕೊನೆಯ ಕಾದಂಬರಿ ‘ಅಕ್ಕ’ ಬಂದದ್ದು 1991ರಲ್ಲಿ.

ಈ ಲೆಕ್ಕವನ್ನು ಮುಂದಿಟ್ಟುಕೊಂಡರೆ ಭಾಲ್ಕಿಯ ತರುಣ ಮಿತ್ರರ ಮಾತು ಸರಿಯೆಂದೇ ತೋರುತ್ತದೆ. ಪತ್ರಿಕೆಗೆ ಮುಂಚಿನ ಹದಿನೈದು ವರ್ಷಗಳೊಳಗೆ ಎರಡು ಕಾದಂಬರಿ. ಪತ್ರಿಕೆಯ ಇಪ್ಪತ್ತು ವರ್ಷಗಳಲ್ಲಿ ಒಂದೇ ಒಂದು. ಆದರೆ ಸಾಹಿತ್ಯದ ಲೆಕ್ಕವನ್ನು ದಿನಸಿ ಅಂಗಡಿಯ ಲೆಕ್ಕದಂತೆ ಹಾಕಲು ಬರುವುದಿಲ್ಲ. ಇದನ್ನು ನನಗೆ ಮನಗಾಣಿಸಿದ್ದು ಯಾವ ಗ್ರಂಥವೂ ಅಲ್ಲ, ಔರಾದಿನ ಒಂದು ಪಾನಪಟ್ಟಿ ಅಂಗಡಿ.

ಅದನ್ನು ಹೇಳುವ ಮುಂಚೆ ನಮ್ಮ ಸೀಮೆಯ ಸ್ಥಿತಿಯನ್ನು ತುಸು ವಿವರಿಸಬೇಕಾಗಿದೆ; ದಕ್ಷಿಣದ ಓದುಗರಿಗೆ ಅದು ಸುಲಭವಾಗಿ ಹೊಳೆಯುವುದಿಲ್ಲ. 1948ರ ಸೆಪ್ಟೆಂಬರಿನವರೆಗೆ ಬೀದರ್ ನಿಜಾಮರ ರಾಜ್ಯದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿಯನ್ನು ಇಲ್ಲಿಯ ಮುದುಕರು ಇಂದಿಗೂ ಕಣ್ಣರಳಿಸಿಕೊಂಡು ಹೇಳುತ್ತಾರೆ. ಪಟ್ಟದ್ದೇವರು ಹುಟ್ಟಿದ ಕಮಲನಗರ ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಊರು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್, ಹುಮನಾಬಾದುಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮರಾಠಿಯ ಕಡೆಗೂ ಜಹೀರಾಬಾದ್, ನಾರಾಯಣಖೇಡಗಳು ತೆಲುಗಿನ ಕಡೆಗೂ ಹೋದವು. ರಾಜ್ಯವೇನೋ ಒಂದು ದಿನದಲ್ಲಿ ಬದಲಾಯಿಸಿತು. ಓದುವ ಅಭ್ಯಾಸ ಹಾಗೆ ಬದಲಾಗುವ ವಸ್ತುವಲ್ಲ. ಮುಸಲ್ಮಾನರು ಮಾತ್ರವಲ್ಲ, ನಿಜಾಮರ ಶಾಲೆಯಲ್ಲಿ ಕಲಿತ ಲಿಂಗವಂತರೂ ಬ್ರಾಹ್ಮಣರೂ ಹೈದರಾಬಾದಿನಿಂದ ಬರುವ ‘ಸಿಯಾಸತ್’ ಓದುತ್ತಿದ್ದರು. ಔರಾದ್, ಭಾಲ್ಕಿಗಳಲ್ಲಿ ಮನೆಯಲ್ಲಿ ಮರಾಠಿಯಾಡುವವರು ಆಚಾರ್ಯ ಅತ್ರೆಯವರ ‘ಮರಾಠಾ’ದ ಚಾಟಿಯೇಟುಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದರು. ಕನ್ನಡದಲ್ಲಿ ಅಂಥ ಲೇಖಣಿಗಳು ಇರಲಿಲ್ಲವೆಂದಲ್ಲ. ಇದ್ದವು, ನಮ್ಮವರೆಗೆ ಬರುತ್ತಿರಲಿಲ್ಲ. ಹೈದರಾಬಾದು ನಮಗೆ ಮೂರು ನಾಲ್ಕು ಗಂಟೆಯ ಹಾದಿ. ಬೆಂಗಳೂರು ಒಂದು ಹಗಲು ಒಂದು ರಾತ್ರಿಯ ಹಾದಿ.

ಹೀಗಾಗಿ ಕನ್ನಡ ನಮ್ಮ ಪಾಲಿಗೆ ಎರಡು ಠಾವುಗಳಲ್ಲಿ ಮಾತ್ರ ಇತ್ತು: ಅಡುಗೆಮನೆಯಲ್ಲಿ, ಮತ್ತು ಮಠದಲ್ಲಿ. ನಡುವಿನ ಪಡಸಾಲೆ, ಅಂದರೆ ಗಂಡಸರು ಕೂತು ಸರಕಾರ, ಮಳೆ, ತೊಗರಿಯ ಧಾರಣೆ, ಚುನಾವಣೆ ಮಾತನಾಡುವ ಜಾಗ, ಉರ್ದು ಮರಾಠಿಗಳಿಗೆ ಬಿಟ್ಟುಕೊಟ್ಟದ್ದಾಗಿತ್ತು. ನನ್ನ ತಂದೆಯವರು ಇದಕ್ಕೆ ಒಳ್ಳೆಯ ನಿದರ್ಶನ. ಅವರು ಬೆಳಿಗ್ಗೆ ಸ್ನಾನ ಮಾಡುತ್ತ ವಚನ ಹೇಳುವರು, ತಾಯಿಯೊಡನೆ ಕನ್ನಡದಲ್ಲಿ ಜಗಳವಾಡುವರು, ಜಮಾಖರ್ಚನ್ನು ಉರ್ದುವಿನಲ್ಲಿ ಬರೆಯುವರು. ಕನ್ನಡ ಅಕ್ಷರ ಬಾರದೆಂದಲ್ಲ. ಕೂಡಿಸಿ ಕೂಡಿಸಿ ಓದಬಲ್ಲರು. ಆದರೆ ಕನ್ನಡದಲ್ಲಿ ಪೇಪರು ಓದುವುದೆಂದರೆ ಅವರಿಗೆ ಬೂಟು ಹಾಕಿಕೊಂಡು ದೇವರ ಕೋಣೆಗೆ ಹೋದಂತೆ. ಅದು ಅದರ ಜಾಗವಲ್ಲ.

1980ರಲ್ಲಿ ನಾನು ಔರಾದಿನಲ್ಲಿ ಹೊಸ ಮಾಸ್ತರ. ಬಸ್ ನಿಲ್ದಾಣದ ಎದುರಿನ ಪಾನಪಟ್ಟಿ ಅಂಗಡಿಗೆ ಬೀದರಿನಿಂದ ಬಸ್ಸಿನಲ್ಲಿ ಪತ್ರಿಕೆಗಳ ಕಟ್ಟು ಬರುತ್ತಿತ್ತು. ಅಂಗಡಿಯವನ ಮನೆಮಾತು ಮರಾಠಿ. ಕನ್ನಡವನ್ನು ಗಿರಾಕಿಗಳಿಂದ ಕಲಿತದ್ದು. ಆ ಕಟ್ಟಿನಲ್ಲಿ ಹೊಸ ವಾರಪತ್ರಿಕೆಯ ಐದಾರು ಪ್ರತಿಗಳು ಬರತೊಡಗಿದವು. ಬೆಂಗಳೂರಿನಲ್ಲಿ ವಾರದ ಮೊದಲಿಗೆ ಬಂದದ್ದು ನಮಗೆ ಮೂರು ನಾಲ್ಕು ದಿನ ಹಿಂದಾಗಿ ಸಿಗುತ್ತಿತ್ತು. ಮಳೆಗಾಲದಲ್ಲಿ ಮಾಂಜ್ರಾ ತುಂಬಿದರೆ ದೇವರೇ ಗತಿ. ನಾನೊಂದು ಪ್ರತಿ ಕೊಳ್ಳುತ್ತಿದ್ದೆ. ಶಾಲೆಯ ಮೂವರು, ತಹಸೀಲ ಕಚೇರಿಯ ಇಬ್ಬರು, ದವಾಖಾನೆಯ ಕಂಪೌಂಡರು ಅದನ್ನೇ ಓದುತ್ತಿದ್ದರು. ಒಂದು ಪ್ರತಿ ಒಂದು ವಾರದಲ್ಲಿ ಹತ್ತು ಕೈ ದಾಟಿ ನನಗೆ ಮರಳಿ ಬರುವ ಹೊತ್ತಿಗೆ ಅದರಲ್ಲಿ ಸುಣ್ಣದ ಗುರುತು, ಎಣ್ಣೆಯ ಗುರುತು, ಅಂಚಿನಲ್ಲಿ ಯಾರದೋ ಲೆಕ್ಕ, ಎಲ್ಲವೂ ಇರುತ್ತಿದ್ದವು.

ಆ ವರ್ಷದ ಚಳಿಗಾಲದಲ್ಲಿ ತಂದೆಯವರು ಕಣ್ಣಿನ ಪೊರೆಯಿಂದಾಗಿ ನನ್ನಲ್ಲಿಗೆ ಬಂದು ಕೆಲ ತಿಂಗಳಿದ್ದರು. ‘ಸಿಯಾಸತ್’ ಓದಲು ಆಗದು. ನನಗೆ ಉರ್ದು ಲಿಪಿ ಬಾರದು. ಒಂದು ಸಂಜೆ, ಬೇಸರ ಕಳೆಯಲೆಂದು, ಅವರಿಗೆ ಲಂಕೇಶರ ಅಂಕಣವನ್ನು ಓದಿ ಹೇಳಿದೆ. ವಿಷಯ ಆಗ ಮುಖ್ಯಮಂತ್ರಿಗಳಾಗಿದ್ದ ಗುಂಡೂರಾವ್ ಅವರ ಆಡಳಿತದ ಬಗೆಗಿನದು. ಅರ್ಧ ಓದಿದ್ದೆ. ತಂದೆಯವರು ಕೈ ಎತ್ತಿ ತಡೆದರು.

“ತಮ್ಮಾ, ಇದು ಅದರಾಗ ಬರ್ದದ್ದೋ, ನೀನೇ ಹೇಳ್ಳಿಕತ್ತೀದೋ?”

“ಬರ್ದದ್ದೇ ಅಪ್ಪಾ.”

“ಪೇಪರಿನಾಗ ಹಿಂಗೂ ಬರೀತಾರೇನು, ಕನ್ನಡದಾಗ?”

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಲಂಕೇಶರ ಗದ್ಯದ ಮೇಲೆ ನಾನು ಎಲ್ಲಿಯೂ ಓದಿಲ್ಲ. ಅಲ್ಲಿಯವರೆಗೆ ನಾನು ಕನ್ನಡವನ್ನು ಗಟ್ಟಿಯಾಗಿ ಓದಿದರೆ ಅವರಿಗೆ ಅದು ಪ್ರವಚನದಂತೆ ಕೇಳುತ್ತಿತ್ತು; ಓದಿದ್ದೆಂದು ತಿಳಿಯುತ್ತಿತ್ತು. ಅಂದು ತಿಳಿಯಲಿಲ್ಲ. ಲಂಕೇಶರ ಕನ್ನಡ ಬೀದರಿನ ಕನ್ನಡವೇನಲ್ಲ. ಮಲೆನಾಡಿನ ಅಂಚಿನ ಹಳ್ಳಿಯ ನುಡಿಯ ಮೇಲೆ ಬೆಂಗಳೂರು ಹಾಯ್ದುಹೋದದ್ದು. ಆದರೂ ಅದರ ವಾಕ್ಯಕ್ಕೆ ಕೂತು ಮಾತನಾಡುವವನ ಉಸಿರಿತ್ತು. ಒಬ್ಬ ಮಂತ್ರಿಯನ್ನೋ ಮಠಾಧೀಶನನ್ನೋ ಹೆಸರು ಹಿಡಿದು ಕರೆದು, ಅವನ ನಡಿಗೆ, ಅವನ ಹೊಟ್ಟೆ, ಅವನ ಸುಳ್ಳು, ಅವನ ಒಂಟಿತನ ಇವನ್ನೆಲ್ಲ ನಾಲ್ಕು ವಾಕ್ಯದಲ್ಲಿ ಕಂಡರಿಸುವ ಆ ಬಗೆ ವರದಿಗಾರನದಲ್ಲ. ಪಾತ್ರವನ್ನು ನಿಲ್ಲಿಸಿ ಅಭ್ಯಾಸವಾದ ಕಾದಂಬರಿಕಾರನದು. ಆ ಸಂಜೆಯ ತರುವಾಯ ವಾರದ ಓದು ನಮ್ಮ ಮನೆಯಲ್ಲಿ ನಿಯಮವಾಯಿತು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ತಂದೆಯವರು ತಾವೇ ಕೂಡಿಸಿ ಓದತೊಡಗಿದರು. ಕನ್ನಡ ನಮ್ಮ ಪಡಸಾಲೆಗೆ ಬಂದದ್ದು ಹಾಗೆ. 1956ರಲ್ಲಿ ಬರಬೇಕಾಗಿದ್ದುದು, ಇಪ್ಪತ್ತನಾಲ್ಕು ವರ್ಷ ತಡವಾಗಿ, ಔರಾದಿನ ಬಸ್ಸಿನಲ್ಲಿ.

ಇಂಥದು ನಮಗೆ ಮಾತ್ರ ಆದದ್ದಲ್ಲ. ಯೂರೋಪಿನ ಕ್ರೊಯೇಷಿಯಾ ಎಂಬ ಪುಟ್ಟ ದೇಶದ ಮಾರಿಯಾ ಯೂರಿಚ್ ಎಂಬಾಕೆಯ ಜೀವನವನ್ನು ಓದಿದಾಗ ನನಗೆ ನಮ್ಮ ಗಡಿಸೀಮೆಯ ನೆನಪೇ ಆಯಿತು. 1873ರಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ ಈಕೆ ‘ಜಾಗೊರ್ಕಾ’ ಎಂಬ ಕಾವ್ಯನಾಮದಿಂದ ಬರೆದಳು. ಆ ಕಾಲಕ್ಕೆ ಕ್ರೊಯೇಷಿಯಾ ಹಂಗೇರಿಯ ಹಿಡಿತದಲ್ಲಿತ್ತು. 1896ರಲ್ಲಿ ‘ಒಬ್ಜೋರ್’ ಎಂಬ ಪತ್ರಿಕೆಯಲ್ಲಿ ಬಂದ ಆಕೆಯ ಮೊದಲ ಲೇಖನದ ವಿಷಯ, ತನ್ನ ನಾಡಿನ ರೈಲುನಿಲ್ದಾಣಗಳಲ್ಲಿ ಜನಕ್ಕೆ ತಿಳಿಯದ ಹಂಗೇರಿಯ ಭಾಷೆ ನಡೆಯುತ್ತಿರುವುದು. ಹೆಂಗಸು ಪತ್ರಿಕಾಲಯದಲ್ಲಿ ಕಾಣಿಸಿಕೊಳ್ಳುವುದು ಶೋಭೆಯಲ್ಲವೆಂದು ಆಕೆಯನ್ನು ಬೇರೆ ಕೋಣೆಯಲ್ಲಿ ಪರದೆಯ ಮರೆಯಲ್ಲಿ ಕೂರಿಸಿದರಂತೆ. 1903ರಲ್ಲಿ ಗಂಡಸರಾದ ಸಂಪಾದಕರು ಸೆರೆಗೆ ಹೋದಾಗ ಅದೇ ಪತ್ರಿಕೆಯನ್ನು ಆಕೆ ನಡೆಸಿದಳು. ಆ ನಾಡಿನ ಓದುಗರು ಜರ್ಮನ್ ಭಾಷೆಯ ಅಗ್ಗದ ಕಥೆಗಳಿಗೆ ಅಂಟಿಕೊಂಡದ್ದನ್ನು ಕಂಡ ಬಿಷಪ್ ಸ್ಟ್ರೋಸ್‌ಮಾಯರ್ ಎಂಬ ಹಿರಿಯರು ಸ್ವಭಾಷೆಯಲ್ಲಿ ಕಾದಂಬರಿ ಬರೆಯಲು ಆಕೆಯನ್ನು ಹುರಿದುಂಬಿಸಿದರು. ‘ಗ್ರಿಚ್‌ನ ಮಾಟಗಾತಿ’ ಮೊದಲಾದ ಆಕೆಯ ಕಾದಂಬರಿಗಳು ಪತ್ರಿಕೆಯ ಕಂತುಗಳಾಗಿ ಬಂದು ಅಡುಗೆಮನೆಗಳನ್ನು ಹೊಕ್ಕವು. ವಿದ್ವಾಂಸರು ಏನೆಂದರು? ದನ ಕಾಯುವ ಹೆಂಗಸರ ಓದಿಗೆ ತಕ್ಕ ಕಸವೆಂದರು. ಇಂದು ಜಾಗ್ರೆಬ್ ನಗರದಲ್ಲಿ ಆಕೆ ಬಾಳಿದ ಮನೆ ಸ್ಮಾರಕವಾಗಿದೆ.

ದನ ಕಾಯುವ ಹೆಂಗಸು ಓದಿದಳೆಂಬುದು ನಿಂದೆಯೋ ಪ್ರಶಂಸೆಯೋ? ನಮ್ಮ ಮಾಂಜ್ರಾ ದಂಡೆಯ ದೇವಣಿ ದನಗಳನ್ನು ಕಾಯುವ ಹೆಂಗಸು ಒಂದು ಕನ್ನಡ ಕಾದಂಬರಿಯ ಕಂತಿಗಾಗಿ ಬಸ್ಸಿನ ದಾರಿ ನೋಡುವ ದಿನ ಬಂದರೆ ನಾನಂತೂ ಪಟ್ಟದ್ದೇವರ ಗದ್ದುಗೆಗೆ ಹೋಗಿ ಕಾಯಿ ಒಡೆಯುತ್ತೇನೆ. ಲಂಕೇಶರನ್ನು ಆಕೆಯೊಡನೆ ಸರಿತೂಗಿಸುವುದು ನನ್ನ ಉದ್ದೇಶವಲ್ಲ. ಇಬ್ಬರ ಬರವಣಿಗೆಯ ಜಾತಿಯೇ ಬೇರೆ. ಪತ್ರಿಕೆಯ ಕಾಗದದ ಮೇಲೆ ಬಂದದ್ದೆಂಬ ಕಾರಣಕ್ಕೆ ಬರಹವನ್ನು ಎರಡನೆಯ ಪಂಕ್ತಿಗೆ ಕೂರಿಸುವ ಚಾಳಿ ಮಾತ್ರ ಅಲ್ಲಿಯೂ ಇಲ್ಲಿಯೂ ಒಂದೇ.

ಈಗ ಕಾದಂಬರಿಗಳ ಮಾತಿಗೆ ಬರುತ್ತೇನೆ. ತರುಣ ಮಿತ್ರರಿಗೆ ಕೊಡಬೇಕಾದ ಉತ್ತರ ಅಲ್ಲಿಯೇ ಇದೆ. ‘ಬಿರುಕು’ ಬುದ್ಧಿವಂತನೊಬ್ಬನ ಕಾದಂಬರಿ. ಅದರ ಬಸವರಾಜ ತನ್ನೊಳಗಿನ ಬಿರುಕನ್ನು ತಾನೇ ನೋಡಿಕೊಳ್ಳುತ್ತಾನೆ. ಸುತ್ತಣ ಜಗತ್ತು ಅವನ ಕನ್ನಡಿಯಾಗಿ ಮಾತ್ರ ಇದೆ. 1960ರ ದಶಕದ ನವ್ಯರ ಕಾದಂಬರಿಗಳಲ್ಲಿ ಇದು ಸಾಮಾನ್ಯ. ನಾನು ಅದನ್ನು ಎರಡು ಬಾರಿ ಓದಿದ್ದೇನೆ, ಎರಡು ಬಾರಿಯೂ ಮೆಚ್ಚಿದ್ದೇನೆ; ಮೂರನೆಯ ಬಾರಿ ಓದಬೇಕೆಂದು ಅನ್ನಿಸಿಲ್ಲ. ‘ಮುಸ್ಸಂಜೆಯ ಕಥಾಪ್ರಸಂಗ’ದಲ್ಲಿ ಲೇಖಕರು ಹಳ್ಳಿಗೆ ಮರಳುತ್ತಾರೆ. ರಂಗವ್ವನಂಥ ಗಟ್ಟಿಗಿತ್ತಿ ಬರುತ್ತಾಳೆ. ಚಾಡಿ, ಜಾತಿ, ಪ್ರೇಮ, ಸಾಲ, ನಗೆ ಎಲ್ಲವೂ ಒಂದೇ ಕಣದಲ್ಲಿ ತೂರಾಡುತ್ತವೆ. ಪತ್ರಿಕೆಗೆ ಮುಂಚೆಯೇ ಬಂದ ಕೃತಿ ಇದು. ಲಂಕೇಶರ ಕಿವಿ ಪತ್ರಿಕೆಯಿಂದಲೇ ತೆರೆಯಿತೆಂದು ವಾದಿಸಿದರೆ ಈ ಒಂದು ಪುಸ್ತಕವೇ ನನ್ನ ಬಾಯಿ ಮುಚ್ಚಿಸುತ್ತದೆ. ಹಾಗೆ ನಾನು ವಾದಿಸುವುದಿಲ್ಲ.

ಆದರೆ ‘ಅಕ್ಕ’ವನ್ನು ನೋಡಿ. ಬೆಂಗಳೂರಿನ ಕೊಳೆಗೇರಿಯ ಹುಡುಗ ಕ್ಯಾತ ತನ್ನ ಅಕ್ಕ ದೇವೀರಿಯ ಕಥೆಯನ್ನು ತನ್ನದೇ ಬಾಯಲ್ಲಿ ಹೇಳುತ್ತಾನೆ. ಹುಡುಗನಿಗೆ ಎಲ್ಲವೂ ಕಾಣುತ್ತದೆ, ಎಲ್ಲವೂ ತಿಳಿಯುವುದಿಲ್ಲ. ತಿಳಿಯದ್ದನ್ನು ಓದುಗ ತಿಳಿದುಕೊಂಡು ತಲ್ಲಣಿಸಬೇಕು. ಇಡೀ ಪುಸ್ತಕದಲ್ಲಿ ಲೇಖಕನು ಒಮ್ಮೆಯೂ ಹುಡುಗನ ತಲೆಯ ಮೇಲಿಂದ ಇಣುಕಿ ಉಪದೇಶ ಮಾಡುವುದಿಲ್ಲ. 1967ರ ಲೇಖಕನಿಗೆ ಇದು ಸಾಧ್ಯವಾಗುತ್ತಿತ್ತೆ? ನನಗೆ ನಂಬಿಕೆಯಿಲ್ಲ. ನಡುವೆ ಹನ್ನೊಂದು ವರ್ಷ ವಾರವಾರವೂ ಪತ್ರಿಕೆಯ ಕಚೇರಿಗೆ ಪೊಲೀಸರಿಂದ ಪೆಟ್ಟು ತಿಂದವರು, ಮನೆ ಕಳೆದುಕೊಂಡವರು, ರೈತರು, ಗುಮಾಸ್ತರು, ಪುಂಡರು, ಪುಢಾರಿಗಳು ಬಂದು ಕೂತು ತಮ್ಮ ಕಥೆ ಹೇಳಿದ್ದರು; ಹೇಳಲು ಬಾರದವರು ಕಾಗದ ಬರೆದಿದ್ದರು. ಅಧ್ಯಾಪಕನ ಕೋಣೆಗೆ ಇವರಾರೂ ಬರುವುದಿಲ್ಲ. ಅಲ್ಲಿಗೆ ಬರುವವರು ಅಂಕ ಕೇಳುವ ಹುಡುಗರು ಮಾತ್ರ. ‘ಅಕ್ಕ’ ಅಂಕಣಗಳ ನಡುವೆ ಹೇಗೋ ಬಿಡುವು ದೊರೆತು ಬರೆದ ಕಾದಂಬರಿಯಲ್ಲ, ಅಂಕಣಗಳು ಹಡೆದ ಕಾದಂಬರಿ. 1999ರಲ್ಲಿ ಅವರ ಮಗಳು ಕವಿತಾ ಲಂಕೇಶ್ ಅದನ್ನೇ ‘ದೇವೀರಿ’ ಎಂಬ ಚಿತ್ರವಾಗಿಸಿದರು. 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಕಲ್ಲು ಕರಗುವ ಸಮಯ’ದ ಕಥೆಗಳಿಗೂ, ನಾದಿರ್ ಶಹನ ಮದವನ್ನು ಒಬ್ಬ ಹಕೀಮ ಗುಣಪಡಿಸುವ ‘ಗುಣಮುಖ’ ನಾಟಕಕ್ಕೂ ಈ ಮಾತು ಸಲ್ಲುತ್ತದೆ. ಅಧಿಕಾರವೆಂಬ ರೋಗವನ್ನು ಹದಿಮೂರು ವರ್ಷ ಹತ್ತಿರದಿಂದ ನಾಡಿ ಹಿಡಿದು ನೋಡಿದವನು ಬರೆದ ನಾಟಕವದು. ಅದನ್ನು ಬೀದರಿನಲ್ಲಿ ಓದಿದರೆ ಇನ್ನೂ ಒಂದು ಸುಖ: ನಾದಿರನ ಹೆಸರೂ ಹಕೀಮನ ಮಾತೂ ನಮಗೆ ಪರಕೀಯವಲ್ಲ.

‘ಸಂಕ್ರಾಂತಿ’ ನಾಟಕದ ವಿಷಯವನ್ನು ನಮ್ಮ ಜಿಲ್ಲೆಯವನಾಗಿ ಹೇಳದೆ ಬಿಡಲಾರೆ. ಬಸವಕಲ್ಯಾಣ ನಮ್ಮದು. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಡೆದದ್ದನ್ನು ನಾವು ಪೂಜೆಯಾಗಿ ಬಲ್ಲೆವು. ಲಂಕೇಶರು ಆ ಕ್ರಾಂತಿಯನ್ನು ಒಂದು ಬಡಮನೆಯೊಳಗೆ ತಂದಿಟ್ಟರು. ಮಗ ಶರಣನಾದರೆ ಅಪ್ಪನಿಗೂ ಮಗನಿಗೂ ನಡುವೆ ಏನಾಗುತ್ತದೆಂದು ಕೇಳಿದರು. ನಮ್ಮ ಭಾಗದ ಹಲವರಿಗೆ ಅದು ರುಚಿಸಲಿಲ್ಲ. ನನಗೂ ಮೊದಲ ಓದಿಗೆ ಇರುಸುಮುರುಸಾಯಿತು. ಆದರೆ ಉರ್ದುವಿನ ಅಪ್ಪನಿಗೆ ಕನ್ನಡದ ಮಗನಾಗಿ ಹುಟ್ಟಿದ ನಾನು ಆ ಪ್ರಶ್ನೆಯನ್ನು ಹೇಗೆ ತಳ್ಳಿಹಾಕಲಿ?

ಇಷ್ಟು ಹೇಳಿ ಅಂಕಣಕಾರ ಲಂಕೇಶರ ದೋಷಗಳನ್ನು ಹೇಳದಿದ್ದರೆ ನನ್ನ ಸಾಕ್ಷ್ಯ ಏಕಪಕ್ಷೀಯವಾಗುತ್ತದೆ. ಆ ಲೇಖಣಿ ಹಲವು ಬಾರಿ ಅನ್ಯಾಯವಾಗಿ ಹರಿಯಿತು. ಚಾಟಿ ಬೀಸುವ ಕೈಗೆ ಕೆಲವೊಮ್ಮೆ ಬೀಸುವ ಸುಖವೇ ಸಾಕಾಗುತ್ತದೆ. ಎದುರಿಗೆ ನಿಂತವನು ಕಳ್ಳನೋ ಕೇವಲ ಪೆದ್ದನೋ ಎಂದು ವಿಚಾರಿಸುವ ತಾಳ್ಮೆ ಇರುವುದಿಲ್ಲ. ಒಬ್ಬನ ಮೈಬಣ್ಣ, ಎತ್ತರ, ತೊದಲು ಇವು ಅವನ ಅಪರಾಧಗಳಲ್ಲ. ಹಳೆಯ ಗೆಳೆಯರನ್ನು, ಸಹಲೇಖಕರನ್ನು ಒಂದು ವಾರ ಕೊಂಡಾಡಿ ಇನ್ನೊಂದು ವಾರ ಹಳಿದದ್ದೂ ಉಂಟು. ಆ ಧಾಟಿಯನ್ನು ಅನುಕರಿಸಿ ಹುಟ್ಟಿದ ಹಲವು ವಾರಪತ್ರಿಕೆಗಳು ಚಾಟಿಯನ್ನು ಮಾತ್ರ ಎತ್ತಿಕೊಂಡು, ಅದರ ಹಿಂದಿನ ಓದನ್ನೂ ನಗೆಯನ್ನೂ ಆತ್ಮಪರೀಕ್ಷೆಯನ್ನೂ ಬಿಟ್ಟವು. ಅದರ ಋಣವೂ ಮೂಲಪುರುಷನ ಖಾತೆಗೆ ಸ್ವಲ್ಪ ಬೀಳಬೇಕು. ನನ್ನ ತಂದೆಯವರೇ ಒಂದು ಸಂಜೆ, ಯಾರೋ ಒಬ್ಬರ ಮೇಲಿನ ಬೈಗುಳು ಮಿತಿಮೀರಿದಾಗ, “ಇವತ್ತು ಸಾಕ್ ಮಾಡು, ಇವತ್ತ ಅಂವ ತಲಿ ಬಿಸಿ ಮಾಡ್ಕೊಂಡಾನ” ಎಂದು ಓದನ್ನು ನಿಲ್ಲಿಸಿದ್ದರು. ಮುಂದಿನ ವಾರ ಮತ್ತೆ ಕೇಳಿದರು.

ಆದರೆ ಅದೇ ಪುಟಗಳಲ್ಲಿ ಬೇರೆಯವರಿಗೆ ದೊರೆತ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೆ? ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಈ ಪತ್ರಿಕೆಯಲ್ಲಿ. ಕನ್ನಡದ ಇನ್ನೊಂದು ಗಡಿಯ ಹೆಣ್ಣುಮಗಳ ದನಿ ಈ ಗಡಿಯ ಔರಾದಿಗೆ ಬೆಂಗಳೂರಿನ ಮೂಲಕ ಬಂದಿತು. ಅದು ಬರುತ್ತಿದ್ದ ವಾರಗಳಲ್ಲಿ ನಮ್ಮ ಶಾಲೆಯ ಉರ್ದು ಶಿಕ್ಷಕರು ಪ್ರತಿಗಾಗಿ ನನ್ನ ಮನೆಯ ಬಾಗಿಲು ತಟ್ಟುತ್ತಿದ್ದರು. ತಾವು ಓದಿ, ಮನೆಯಲ್ಲಿ ದಖ್ಖನಿಯಲ್ಲಿ ಹೇಳಿ ತೋರಿಸುತ್ತಿದ್ದರು. ಹಾಸನದ ಬಾನು ಮುಷ್ತಾಕ್ ಅವರು 1981ರಿಂದ 1990ರವರೆಗೆ ಇದೇ ಪತ್ರಿಕೆಯ ವರದಿಗಾರ್ತಿಯಾಗಿದ್ದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದಾಗ ದೇಶವೆಲ್ಲ ಬೆರಗಾಯಿತು. ನಮಗೆ ಬೆರಗಾಗಲಿಲ್ಲವೆಂದು ಜಂಭ ಕೊಚ್ಚುವುದಿಲ್ಲ. ಆದರೆ ಆ ಹೆಸರು ಔರಾದಿನ ಪಾನಪಟ್ಟಿ ಅಂಗಡಿಗೆ ನಲವತ್ತು ವರ್ಷ ಮುಂಚೆಯೇ ಬಂದಿತ್ತು. ಬರೆಯದೆ ಉಳಿದ ನಾಲ್ಕು ಕಾದಂಬರಿಗಳಿಗಾಗಿ ದುಃಖಿಸುವವರು, ಬೇರೆಯವರಿಂದ ಬರೆಯಿಸಿದ್ದನ್ನು ಯಾವ ಕಾಲಂನಲ್ಲಿ ಜಮಾ ಮಾಡುತ್ತಾರೆ?

ನನ್ನ ತಕರಾರು ಇಷ್ಟೇ. ನಮ್ಮ ಪಠ್ಯಗಳಲ್ಲಿ ಲಂಕೇಶರ ‘ಅವ್ವ’ ಕವಿತೆ ಉಂಟು, ನಾಟಕ ಉಂಟು, ಕಥೆ ಉಂಟು. ಅದು ಯೋಗ್ಯವೇ. ಅಂಕಣವನ್ನು ಗದ್ಯದ ಮಾದರಿಯೆಂದು ತರಗತಿಯಲ್ಲಿಟ್ಟು ಓದಿಸಿದ್ದನ್ನು ನನ್ನ ವೃತ್ತಿಯ ಅವಧಿಯಲ್ಲಿ ನಾನು ಕಾಣಲಿಲ್ಲ. ಮಕ್ಕಳಿಗೆ ಪ್ರಬಂಧ ಬರೆಯಲು ಹೇಳುತ್ತೇವೆ. ಅವರು ‘ನಿರುದ್ಯೋಗ ಸಮಸ್ಯೆ’ಯನ್ನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ತುಂಡು ಮಾಡಿ, ಯಾರೂ ಎಂದೂ ಆಡದ ಭಾಷೆಯಲ್ಲಿ ಬರೆಯುತ್ತಾರೆ. ಊರಿನ ಗೌಡನ ಬಗೆಗೆ, ಬತ್ತಿದ ಬಾವಿಯ ಬಗೆಗೆ, ಬಾರದ ಬಸ್ಸಿನ ಬಗೆಗೆ ಕನ್ನಡದಲ್ಲಿ ನಾಲ್ಕು ಖಾರವಾದ ವಾಕ್ಯ ಬರೆಯಬಹುದೆಂದು ಅವರಿಗೆ ತೋರಿಸುವುದು ಯಾವ ಪದ್ಯ? ಮೈಸೂರಿನ ಹುಡುಗನಿಗೆ ಇದು ಮನೆಯ ವಾತಾವರಣದಲ್ಲಿಯೇ ದೊರೆಯಬಹುದು. ಔರಾದಿನ ಹುಡುಗನಿಗೆ ಶಾಲೆಯೇ ಕೊಡಬೇಕು. ಅವನ ಸುತ್ತ ಇಂದಿಗೂ ಮೂರು ನಾಲ್ಕು ಭಾಷೆಗಳಿವೆ. ತನ್ನ ಸಿಟ್ಟಿಗೂ ನಗೆಗೂ ಯಾವ ಭಾಷೆ ಒದಗುತ್ತದೋ ಆ ಭಾಷೆಯನ್ನು ಅವನು ತನ್ನದೆನ್ನುತ್ತಾನೆ. ರಾಜ್ಯೋತ್ಸವದ ಭಾಷಣ ಕೇಳಿ ಯಾವ ಹುಡುಗನೂ ಭಾಷೆ ಆರಿಸಿಕೊಂಡದ್ದಿಲ್ಲ.

ಇನ್ನೊಂದು ಸಂಗತಿ ಇನ್ನೂ ತುರ್ತಿನದು. ಅಂಕಣಗಳಲ್ಲಿ ಆಯ್ದವು ಸಂಪುಟಗಳಾಗಿ ಬಂದಿವೆ, ಸಂತೋಷ. ಆದರೆ ಅಂಕಣವೆಂಬುದು ಪುಟದಲ್ಲಿ ಬದುಕುವ ಪ್ರಾಣಿ. ಅದರ ಪಕ್ಕದಲ್ಲಿ ಯಾವ ವರದಿಯಿತ್ತು, ಕೆಳಗೆ ಯಾರ ಕಾಗದವಿತ್ತು, ಮುಖಪುಟದಲ್ಲಿ ಯಾವ ವ್ಯಂಗ್ಯಚಿತ್ರವಿತ್ತು ಎಂಬುದು ತಿಳಿಯದೆ ಅದರ ಅರ್ಧ ಅರ್ಥ ಹೋಗುತ್ತದೆ. ಆ ಪೂರ್ತಿ ಸಂಚಿಕೆಗಳನ್ನು ಬೀದರ್ ಜಿಲ್ಲೆಯಲ್ಲಿ ಯಾರು ಇಟ್ಟುಕೊಂಡಿದ್ದಾರೆ? ಗ್ರಂಥಾಲಯಗಳಲ್ಲಿ ವಾರಪತ್ರಿಕೆ ವರ್ಷ ಮುಗಿದೊಡನೆ ರದ್ದಿಯಾಗುತ್ತದೆ. ಗ್ರಂಥಾಲಯಗಳನ್ನು ದೂರಲು ನನಗೆ ಬಾಯಿಲ್ಲ. ಔರಾದಿನಲ್ಲಿ ಒಂಬತ್ತು ವರ್ಷ ಕೂಡಿಸಿಟ್ಟ ಸಂಚಿಕೆಗಳನ್ನು, ಬೀದರಿಗೆ ವರ್ಗವಾದಾಗ, ಲಾರಿಯಲ್ಲಿ ಜಾಗವಿಲ್ಲವೆಂದು ನಾನೇ ರದ್ದಿಯವನಿಗೆ ತೂಗಿ ಕೊಟ್ಟೆ. ಪುಸ್ತಕಗಳನ್ನು ಕಟ್ಟಿಕೊಂಡೆ. ‘ಬಿರುಕು’ ನನ್ನೊಡನೆ ಬೀದರಿಗೆ ಬಂದಿತು; ತಂದೆಯವರಿಗೆ ಓದಿ ಹೇಳಿದ ಅಂಕಣಗಳು ಉಸ್ಮಾನ್‌ಗಂಜಿನಲ್ಲಿಯೋ ಎಲ್ಲಿಯೋ ಬೆಲ್ಲದ ಪೊಟ್ಟಣವಾದವು. ಯಾವುದು ಸಾಹಿತ್ಯ, ಯಾವುದು ಅಲ್ಲವೆಂದು ಅಂದು ನಾನೂ ಹೀಗೆಯೇ ವಿಂಗಡಿಸಿದ್ದೆ. ಭಾಲ್ಕಿಯ ತರುಣರ ಮೇಲೆ ಸಿಟ್ಟಾಗಲು ನನಗೇನು ಅಧಿಕಾರ?

ನಮ್ಮ ಜಿಲ್ಲೆಯ ಒಂದು ಕಾಲೇಜಾದರೂ, ಒಂದು ಮಠವಾದರೂ, ಜನರ ಅಟ್ಟಗಳಲ್ಲಿ ಇನ್ನೂ ಉಳಿದಿರಬಹುದಾದ ಇಂಥ ಹಳೆಯ ಕನ್ನಡ ವಾರಪತ್ರಿಕೆಗಳನ್ನು ಕೇಳಿ ತಂದು ರಟ್ಟು ಕಟ್ಟಿಸಿ ಇಡಬೇಕು. ಲಂಕೇಶರದು ಮಾತ್ರವಲ್ಲ, ಎಲ್ಲವನ್ನೂ. ಅವರ ಮಗಳು ಗೌರಿ ಲಂಕೇಶರು ತಂದೆಯ ತರುವಾಯ ಪತ್ರಿಕೆ ನಡೆಸಿ, 2017ರ ಸೆಪ್ಟೆಂಬರ್ 5ರಂದು ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ವಾರದೊಡನೆ ಹೋಗುವ ಬರಹವಾಗಿದ್ದರೆ ಅದಕ್ಕಾಗಿ ಯಾರೂ ಯಾರನ್ನೂ ಕೊಲ್ಲುತ್ತಿರಲಿಲ್ಲ.

ಮದುವೆಯಿಂದ ಮರಳಿದ ಮುಂದಿನ ವಾರವೇ ಔರಾದಿಗೆ ಹೋದೆ. ಅಮರೇಶ್ವರನಿಗೆ ಕೈಮುಗಿದು ಬಸ್ ನಿಲ್ದಾಣಕ್ಕೆ ಬಂದೆ. ಪಾನಪಟ್ಟಿ ಅಂಗಡಿಯ ಜಾಗದಲ್ಲಿ ಈಗ ಮೊಬೈಲಿನ ಅಂಗಡಿ. ನಡೆಸುವವನು ಹಳೆಯ ಅಂಗಡಿಯವನ ಮಗ. ತಂದೆ ಇದ್ದಾನೆ, ಮನೆಯಲ್ಲಿದ್ದಾನೆ ಎಂದ. ಹೋದೆ. “ಮಾಸ್ತರ್ ಸಾಹೇಬ್ರೇ, ಬರ್ರಿ ಬರ್ರಿ” ಎಂದು ಮುದುಕ ಹೊರಸಿನಿಂದ ಎದ್ದು ಕೂತ. ನಾನು ಬಂದ ಕಾರಣ ಕೇಳಿ ನಕ್ಕು ಸೊಸೆಗೆ ಮರಾಠಿಯಲ್ಲಿ ಏನೋ ಹೇಳಿದ. ಆಕೆ ಅಟ್ಟದಿಂದ ಸುತಳಿ ಕಟ್ಟಿದ ಒಂದು ಗಂಟು ಇಳಿಸಿ ತಂದಳು. 1981, 1982ರ ಸಂಚಿಕೆಗಳು, ಒಟ್ಟು ಹದಿನೇಳು; ಮಾರದೆ ಉಳಿದವೋ, ತಾನೇ ಓದಲು ಇಟ್ಟುಕೊಂಡವೋ ಅವನಿಗೂ ನೆನಪಿಲ್ಲ. ಹಣ ಕೊಡಹೋದರೆ ಮುಟ್ಟಲಿಲ್ಲ. ಆ ಗಂಟು ಈಗ ನನ್ನ ಮೇಜಿನ ಮೇಲಿದೆ. ಇಲಿ ಕಡಿದದ್ದು ಮೂರು, ನೀರು ಬಿದ್ದದ್ದು ಒಂದು. ಉಳಿದವು ಓದಲು ಬರುವಂತಿವೆ. ಆದರೆ ಅವುಗಳಲ್ಲಿ ಐದರಲ್ಲಿ ಅಂಕಣದ ಪುಟವಿಲ್ಲ. ಯಾರೋ ಬ್ಲೇಡಿನಿಂದ, ಬಹಳ ಜೋಕೆಯಿಂದ, ಅಂಚು ಹರಿಯದಂತೆ ಕತ್ತರಿಸಿ ತೆಗೆದುಕೊಂಡಿದ್ದಾರೆ.